ಗದ್ದಲದಲ್ಲಿ ಕೈ ತಪ್ಪಿತ್ತು

ಈ ಸಲದ ನಾಗರಪಂಚಮಿಯ ಹಿಂದಿನ ದಿನ ಬೆಳಿಗ್ಗೆ ನಾನು ಹರಿಹರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಹಬ್ಬಕ್ಕೆ ಜೋಳದ ಅಳ್ಳು ಹುರಿದುಕೊಡುವ ಭಟ್ಟಿಯ ಬಾಗಿಲಲ್ಲಿ ನಿಂತಿದ್ದೆ. ಒಳಗೆ ಕಾದ ಮರಳಿನಲ್ಲಿ ಜೋಳ ಸಿಡಿಯುತ್ತಿತ್ತು. ಆ ವಾಸನೆ ಮೂಗಿಗೆ ಬಡಿದ ಕೂಡಲೇ ದಾವಣಗೆರೆಯ ಖಾನಾವಳಿ ಅಕ್ಕ ನೆನಪಾದರು. ನೆನಪು ಎಂಬ ಮಾತನ್ನು ಈಗ ನಾನು ಹೆದರಿಕೊಂಡೇ ಬಳಸುತ್ತೇನೆ. ಆದ್ದರಿಂದ ಇಲ್ಲಿ ನಾನೇ ಕಂಡದ್ದನ್ನು, ನಾನೇ ಕೇಳಿದ್ದನ್ನು ಬರೆಯುತ್ತೇನೆ. ಬೇರೆಯವರು ಹೇಳಿದ್ದಾದರೆ ಹಾಗೆಂದೇ ಹೇಳುತ್ತೇನೆ.

ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ನಾನು ಆಗಷ್ಟೇ ಕೆಲಸಕ್ಕೆ ಸೇರಿ ವಿದ್ಯಾನಗರದಲ್ಲಿ ಒಂದು ಕೋಣೆ ಹಿಡಿದಿದ್ದೆ. ಎರಡು ಹೊತ್ತಿನ ಊಟ ಅಕ್ಕನ ಖಾನಾವಳಿಯಲ್ಲಿ. ಅವರ ಮನೆಯ ಮುಂದಿನ ಪಡಸಾಲೆಯೇ ಖಾನಾವಳಿ. ಹಾಸ್ಟೆಲ್ಲಿನ ಊಟ ಸೇರದ ಹುಡುಗರು, ನನ್ನಂಥ ಹೊಸ ನೌಕರರು, ಒಬ್ಬಿಬ್ಬರು ಮೇಷ್ಟರು ಅಲ್ಲಿ ಉಣ್ಣುತ್ತಿದ್ದರು. ಬೇಗ ಎದ್ದರೆ ಅಕ್ಕ ಬಿಡುತ್ತಿರಲಿಲ್ಲ. “ಎರಡು ರೊಟ್ಟಿಗೇ ಕೈ ತೊಳಿತೀಯಲ್ಲೋ ತಮ್ಮಾ, ನಿಮ್ಮವ್ವ ನೋಡಿದ್ರೆ ನನ್ನ ಜೈಲಿಗೆ ಹಾಕಿಸ್ತಾಳೆ. ಕೂಡ್ರು!”

ಅಕ್ಕನ ಗಂಡ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ತಂದೆ ತಾಯಿಯೂ ಇರಲಿಲ್ಲ. ಹರಿಹರದಲ್ಲಿ ಸೈಕಲ್ ಅಂಗಡಿ ಇಟ್ಟುಕೊಂಡಿದ್ದ ತಮ್ಮನೊಬ್ಬನೇ ಅವರ ತವರು. ಪ್ರತಿ ಪಂಚಮಿಗೆ ಅವನು ಬೈಕಿನಲ್ಲಿ ಬಂದು ಕರೆದೊಯ್ಯುತ್ತಿದ್ದ. ವಾರ ಮೊದಲೇ ಅಕ್ಕ ಶೇಂಗಾ ಉಂಡಿ ಕಟ್ಟಿಟ್ಟು, ಹೊಸ ಸೀರೆಗೆ ಫಾಲ್ ಹಚ್ಚಿಸಿ, ನಮಗೆಲ್ಲ ಎರಡು ದಿನ ಊಟವಿಲ್ಲವೆಂದು ಖುಷಿಯಿಂದ ಸಾರುತ್ತಿದ್ದರು.

ಅಲ್ಲಿ ಉಣ್ಣುತ್ತಿದ್ದವರಲ್ಲಿ ಮನಃಶಾಸ್ತ್ರದ ಮೇಷ್ಟರೊಬ್ಬರಿದ್ದರು. ಮೈಸೂರು ಕಡೆಯವರು, ಮೆದು ಮಾತಿನವರು, ತಟ್ಟೆಯಲ್ಲಿ ಒಂದು ಅಗುಳೂ ಬಿಡದವರು. ಜನರ ಬಾಲ್ಯದ ನೆನಪುಗಳ ಬಗ್ಗೆ ಸಂಶೋಧನೆ ಮಾಡುತ್ತಿದ್ದರು. ಮನೆಯವರಿಂದ ಕೇಳಿ ತಂದ ಹಳೆಯ ಸಂಗತಿಗಳನ್ನು ಹೇಳುತ್ತೇನೆ, ಅವುಗಳಲ್ಲಿ ನಿಮಗೆ ಎಷ್ಟು ನೆನಪಿದೆ ಹೇಳಿ ಎಂದು ಅಕ್ಕನನ್ನು ಕೇಳಿದರು. ಅಕ್ಕ ನಗುತ್ತ ಒಪ್ಪಿದರು. ಅವುಗಳಲ್ಲಿ ಒಂದು ಸಂಗತಿ ಮೇಷ್ಟರೇ ಕಟ್ಟಿದ ಸುಳ್ಳು ಎಂಬುದು ಅಕ್ಕನಿಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ತಮ್ಮನಿಗೆ ಗೊತ್ತಿತ್ತು. ಅಕ್ಕನನ್ನು ಚೇಷ್ಟೆ ಮಾಡಿದಂತಾಗುತ್ತದೆ ಎಂದುಕೊಂಡು ಅವನು ಒಪ್ಪಿದ್ದನೆಂದು ಆಮೇಲೆ ಅವನೇ ಹೇಳಿದ.

ಮಧ್ಯಾಹ್ನದ ಪಂಕ್ತಿ ಮುಗಿದಿತ್ತು. ನಾನು ತಡವಾಗಿ ಬಂದು ಗೋಡೆ ಬದಿಯಲ್ಲಿ ಉಣ್ಣುತ್ತಿದ್ದೆ. ಮೇಷ್ಟರು ಒಂದೊಂದೇ ಸಂಗತಿ ಹೇಳಿದರು. ಬಾವಿಗೆ ಕೊಡ ಬಿದ್ದದ್ದು, ನಾಯಿ ಕಚ್ಚಿದ್ದು... ಅಕ್ಕ ಕಾಲಿನ ಗಾಯದ ಕಲೆಯನ್ನೂ ತೋರಿಸಿದರು. ಕೊನೆಯದನ್ನು ಮೇಷ್ಟರು ತಮ್ಮನ ಮಾತಿನಲ್ಲೇ ಹೇಳಿದರು: “ಸಣ್ಣಾಕಿದ್ದಾಗ ಉಕ್ಕಡಗಾತ್ರಿ ಅಮಾಸೆ ಗದ್ಲದಾಗೆ ಕೈ ತಪ್ಪಿತ್ತಂತೆ. ಒಬ್ಬ ಬಳೆಗಾರ್ತಿ ಕರಕೊಂಡು ಬಂದ್ಲಂತೆ. ಅವ್ವ ಹೇಳ್ತಿದ್ಲು.”

“ಇದು ನೆನಪಿಲ್ಲ ಸಾರ್,” ಎಂದರು ಅಕ್ಕ.

“ಪರವಾಗಿಲ್ಲ, ನಿಧಾನವಾಗಿ ಯೋಚಿಸಿ. ಮುಂದಿನ ವಾರ ಕೇಳ್ತೀನಿ.”

ಹರಿಹರದ ಸುತ್ತಮುತ್ತ ಅಮಾವಾಸ್ಯೆಗೆ ಉಕ್ಕಡಗಾತ್ರಿಗೆ ಹೋಗದ ಮನೆ ಕಡಿಮೆ. ಹೊಳೆಯ ದಂಡೆ, ದೇವರ ಎದುರು ಮೈಮೇಲೆ ಬಂದು ಕೂಗುವವರು, ನೂಕುನುಗ್ಗಲು... ಅಲ್ಲಿ ಮಗು ತಪ್ಪಿಸಿಕೊಳ್ಳುವುದು ಯಾರಿಗೂ ಅಸಾಧ್ಯವೆನಿಸುವ ಮಾತಲ್ಲ. ಮೇಷ್ಟರು ಅದಕ್ಕೇ ಅದನ್ನು ಆರಿಸಿದ್ದರು.

ಆ ವಾರವೆಲ್ಲ ಅಕ್ಕ ಬಡಿಸುತ್ತ ಬಡಿಸುತ್ತ ನಿಂತುಬಿಡುತ್ತಿದ್ದರು. ಒಮ್ಮೆ ನನ್ನ ತಟ್ಟೆಯ ಮೇಲೆ ಸಾರಿನ ಸೌಟು ಹಿಡಿದುಕೊಂಡೇ, “ಮೆಟ್ಟಿಲು ಹಸಿ ಇದ್ವು ತಮ್ಮಾ, ಪಾಚಿಗಟ್ಟಿದ್ವು,” ಎಂದರು. ಏನೆಂದು ಕೇಳಿದರೆ, “ಏನಿಲ್ಲ, ಉಣ್ಣು.”

ಮೇಷ್ಟರು ಮತ್ತೆ ಬಂದಾಗಲೂ ನಾನು ಅಲ್ಲೇ ಇದ್ದೆ. ಅಕ್ಕ ಹೊಳೆ ನೀರಿನ ವಾಸನೆ ಹೇಳಿದರು, ಬಳೆಗಾರ್ತಿಯ ಹಸಿರು ಬಳೆ ಹೇಳಿದರು. ಮೇಷ್ಟರು ಬರೆದುಕೊಳ್ಳುತ್ತಿದ್ದರು. ಅಕ್ಕ ತಮ್ಮ ಬಲಗೈಯನ್ನು ಮಡಿಲಲ್ಲಿ ಬಿಚ್ಚಿಟ್ಟುಕೊಂಡು ಅದನ್ನೇ ನೋಡುತ್ತ ಅಂದರು: “ಬೆಚ್ಚಗಿತ್ತು ಸಾರ್, ಸಣ್ಣ ಕೈ. ನಾನೇ ಹಿಡ್ಕಂಡಿದ್ದೆ. ಜಾರಿತು.”

“ನಿಮ್ಮ ತಾಯಿಯ ಕೈಯಿಂದ ನಿಮ್ಮ ಕೈ ಅಲ್ವಾ ಅಕ್ಕ, ಜಾರಿದ್ದು?”

“ಅಲ್ಲ ಸಾರ್. ನನ್ನ ಕೈಯಾಗಿಂದ. ನನ್ನ ತಂಗಿದು.”

ಮೇಷ್ಟರ ಪೆನ್ನು ನಿಂತಿತು. ಅದನ್ನು ನಾನು ನೋಡಿದೆ. ತಮ್ಮ ಹೇಳಿದ ಮಾತಿನಲ್ಲಿ ಯಾರ ಕೈಯಿಂದ ಯಾರ ಕೈ ಎಂಬುದಿರಲಿಲ್ಲ. ನಾವು ಯಾರೂ ಅದನ್ನು ಬಿಡಿಸಿ ಹೇಳುವುದಿಲ್ಲ. ಕೈ ತಪ್ಪಿತ್ತು, ಅಷ್ಟೇ. ಆ ಖಾಲಿ ಜಾಗದಲ್ಲಿ ಒಂದು ಮಗು ಬಂದು ನಿಂತಿತ್ತು. ಅಕ್ಕನ ನೆನಪಿನಲ್ಲಿ ಬಳೆಗಾರ್ತಿ ಕರೆತಂದದ್ದು ಅವರೊಬ್ಬರನ್ನೇ. ಆ ಇನ್ನೊಂದು ಮಗು ವಾಪಸ್ ಬಂದಿರಲಿಲ್ಲ.

ನಿಜ ತಿಳಿಸಲು ಮೇಷ್ಟರು ತಡ ಮಾಡಲಿಲ್ಲ. ಮರುದಿನವೇ ತಮ್ಮನನ್ನು ಹರಿಹರದಿಂದ ಕರೆಸಿ, ಅಕ್ಕನನ್ನು ಕಾಲೇಜಿನ ತಮ್ಮ ಕೋಣೆಗೆ ಕರೆದರು. “ನೀನೂ ಬಾರೋ ತಮ್ಮಾ, ಕಾಲೇಜು ಅಂದ್ರೆ ನನ್ನ ಕಾಲು ನಡುಗ್ತಾವೆ,” ಎಂದು ಅಕ್ಕ ನನ್ನನ್ನೂ ಕರೆದೊಯ್ದರು. ಅವರೆಲ್ಲ ಕೂತರು. ನಾನು ಬಾಗಿಲಿಗೆ ಒರಗಿ ನಿಂತೆ.

ಮೇಷ್ಟರು ಕೈ ಜೋಡಿಸಿಯೇ ಹೇಳಿದರು. ಆ ಸಂಗತಿ ನಡೆದೇ ಇಲ್ಲ, ಕೇಳಿದ ಮಾತು ನೆನಪಾಗಿ ಬೆಳೆಯುವುದು ಹೇಗೆಂದು ನೋಡಲು ನಾನೇ ಕಟ್ಟಿದ್ದು, ಕ್ಷಮಿಸಿ, ಎಂದರು. ತಮ್ಮ ಮೊದಲು ನಕ್ಕ. ಅಕ್ಕನ ಮುಖ ನೋಡಿ ನಗು ನಿಲ್ಲಿಸಿದ.

“ಅಕ್ಕಾ, ನಿನ್ನಾಣೆ, ನಮಗೆ ತಂಗಿ ಯಾರೂ ಇರ್ಲಿಲ್ಲ.”

“ನೀನಿನ್ನೂ ಹುಟ್ಟಿರ್ಲಿಲ್ಲ. ನಿನಗೇನು ಗೊತ್ತು?”

ಅಕ್ಕ ಮೇಷ್ಟರ ಕಡೆ ತಿರುಗಿದರು. ದನಿ ಏರಿರಲಿಲ್ಲ. “ಬಳೆಗಾರ್ತಿ ನಿಮ್ಮಾಕಿ ಸಾರ್, ವಾಪಸ್ ತಗಳ್ರಿ. ಆ ಕೂಸಿನ ಕೈ ನೀವು ಕೊಟ್ಟಿದ್ದಲ್ಲ. ಅದನ್ನ ಇಲ್ಲ ಅನ್ನಾಕೆ ನೀವ್ಯಾರು?”

ಮೇಷ್ಟರು ತಾವು ಬರೆದುಕೊಂಡಿದ್ದ ಹಾಳೆಗಳನ್ನು ತಿರುವಿದರು. ಹೌದು, ಅದನ್ನು ಅವರು ಕೊಟ್ಟಿರಲಿಲ್ಲ.

ಆ ವರ್ಷ ಪಂಚಮಿಗೆ ತಮ್ಮ ಕರೆಯಲು ಬಂದ. ಅಕ್ಕ ಹೊಸ್ತಿಲು ದಾಟಲಿಲ್ಲ. “ನಮ್ಮಿಬ್ಬರನ್ನೂ ಕರಿಯಾಂಗಿದ್ರೆ ಬಾ,” ಎಂದರು. ಅವನು ಬೈಕನ್ನು ತಳ್ಳಿಕೊಂಡೇ ಬೀದಿಯ ತುದಿಯವರೆಗೂ ಹೋದ. ಮರುವರ್ಷವೂ ಬಂದ, ಅದೇ ಮಾತು. ಆಮೇಲೆ ಬರಲಿಲ್ಲ.

ಅಮಾವಾಸ್ಯೆಗಳಂದು ಖಾನಾವಳಿ ಮುಚ್ಚತೊಡಗಿತು. ಒಮ್ಮೆ ನಾನೂ ಉಕ್ಕಡಗಾತ್ರಿಗೆ ಜೊತೆಗೆ ಹೋಗಿದ್ದೆ. ಅಕ್ಕ ಗುಡಿಯೊಳಗೆ ಬರಲಿಲ್ಲ. ಹೊಳೆಯ ಮೆಟ್ಟಿಲ ಮೇಲೆ ಕೂತು, ಇಳಿದು ಹತ್ತುವ ಹೆಂಗಸರಲ್ಲಿ ತಮಗಿಂತ ಸ್ವಲ್ಪ ಚಿಕ್ಕವರೆನಿಸಿದವರ ಕೈಗಳನ್ನು ನೋಡುತ್ತಿದ್ದರು. ಮುಖವನ್ನಲ್ಲ, ಕೈಗಳನ್ನು... ಒಬ್ಬಾಕೆ ರೇಗಿ, “ಏನಬೇ, ಬಳೆ ಕದಿಯೋ ವಿಚಾರ ಐತೇನು?” ಎಂದಳು. ಅಕ್ಕ ನಕ್ಕರು. ಆ ನಗುವಿನ ನಂತರ ನಾನು ಮತ್ತೆ ಜೊತೆಗೆ ಹೋಗಲಿಲ್ಲ.

ಮೇಷ್ಟರು ಕೆಲವು ತಿಂಗಳು ದಿನವೂ ಊಟಕ್ಕೆ ಬಂದರು. ಮನೋವೈದ್ಯರಲ್ಲಿಗೆ ನಾನೇ ಕರೆದೊಯ್ಯುತ್ತೇನೆ ಎಂದು ಬೇಡಿಕೊಂಡರು. ಅಕ್ಕ ಎಲ್ಲರಂತೆಯೇ ಅವರಿಗೂ ಬಡಿಸಿದರು, ಮಾತನಾಡಲಿಲ್ಲ. ವರ್ಗವಾಗಿ ಹೋಗುವ ಮುನ್ನ ಮೇಷ್ಟರು ನನ್ನ ಬಳಿ ಹೇಳಿದರು: “ಆ ಕೆಲಸ ಅಲ್ಲಿಗೇ ನಿಲ್ಲಿಸಿದೆ. ಅವರು ಒಪ್ಪಿದ್ರು, ನಿಯಮದಲ್ಲಿ ಹೇಳಿದ್ದೆಲ್ಲ ಮಾಡಿದ್ದೆ. ಹಾಕಿದ್ದನ್ನ ತೆಗೀಬಹುದು ಅಂದ್ಕೊಂಡಿದ್ದೆ.” ಅವರು ಕೆಟ್ಟವರಾಗಿದ್ದರೆ ನನಗೆ ಈ ಲೇಖನ ಸುಲಭವಾಗುತ್ತಿತ್ತು.

ನಾನೂ ಊರು ಬಿಟ್ಟೆ. ಅಕ್ಕ ತೀರಿಕೊಂಡ ಸುದ್ದಿ ತಡವಾಗಿ ತಲುಪಿತು.

ಮೊನ್ನೆ ಭಟ್ಟಿಯ ಬಾಗಿಲಲ್ಲಿ ನಾನು ಗುರುತಿಸುವ ಮೊದಲೇ ಆ ತಮ್ಮ ನನ್ನನ್ನು ಗುರುತಿಸಿದ. ತಲೆ ಪೂರ್ತಿ ನೆರೆತಿತ್ತು. ಅಳ್ಳಿನ ಎರಡು ಚೀಲ ಹಿಡಿದಿದ್ದ. ಒಂದು ಮನೆಗೆ. ಇನ್ನೊಂದನ್ನು ಅವನು ಬೇರೆಯಾಗಿಯೇ ಹಿಡಿದಿದ್ದ.

“ಕೊನೀಗೆ ಆಸ್ಪತ್ರ್ಯಾಗೆ ಅಕ್ಕಗೆ ಹೌದು ಅಂದುಬಿಟ್ಟೆ ಅಣ್ಣಾ. ನಿನ್ನ ತಂಗಿ ಇದ್ಲು, ಅವ್ವ ಹೇಳಿದ್ಲು ಅಂದೆ. ಅವಾಗ ನನ್ನ ಕೈ ಹಿಡ್ಕಂಡ್ಲು. ಸಿಕ್ರೆ ಪಂಚಮಿಗೆ ಕರಿ ಅಂದ್ಲು.”

“ಒಳ್ಳೇದೇ ಮಾಡಿದ್ರಿ,” ಎಂದೆ. ಬೇರೇನು ಹೇಳಬಹುದಿತ್ತೋ ಗೊತ್ತಿಲ್ಲ.

ಅವನು ಆಚೀಚೆ ನೋಡಿ ದನಿ ತಗ್ಗಿಸಿದ. “ಒಂದು ಮಾತು ಅಣ್ಣಾ. ಅವ್ವ ಇದ್ದಾಗ ಯಾರಾದ್ರೂ ಉಕ್ಕಡಗಾತ್ರಿ ಹೆಸರು ಎತ್ತಿದ್ರೆ ಸುಮ್ನಾಗಿಬಿಡ್ತಿದ್ಲು. ಸೆರಗು ಬಾಯಿಗೆ ಇಟ್ಕಂತಿದ್ಲು. ಈಗೀಗ ನೆನಪಾಗ್ತೈತೆ. ಅದು ಖರೇನೋ, ನಾನೇ ಕಟ್ಕಂಡಿದ್ದೋ... ಆವತ್ತು ನೀವೂ ಇದ್ರಲ್ಲ. ನಿಮಗೇನು ಅನಿಸ್ತೈತ್ರಿ? ಇದ್ಲೇನು?”

ಆವತ್ತು ಆ ಕೋಣೆಯಲ್ಲಿದ್ದವರಲ್ಲಿ ಅಕ್ಕ ಈಗಿಲ್ಲ. ಮೇಷ್ಟರು ಮೈಸೂರಿನಲ್ಲಿ ನಿವೃತ್ತರಾಗಿದ್ದಾರೆಂದು ಕೇಳಿದ್ದೇನೆ. ಬಾಗಿಲಿಗೆ ಒರಗಿ ನಿಂತಿದ್ದ ನಾನಿದ್ದೇನೆ. ಇನ್ನೊಬ್ಬ, ಹರಿಹರದ ಆ ಓಣಿಯಲ್ಲಿ ಎರಡನೆಯ ಚೀಲವನ್ನು ಎದೆಗೆ ಒತ್ತಿಕೊಂಡು ನನ್ನ ಬಾಯಿಯನ್ನೇ ನೋಡುತ್ತ ನಿಂತಿದ್ದ ತಮ್ಮ.