ಆರನೇ ಗಾಡಿಯ ಡ್ರೈವರ್

ನಮ್ಮವರು ಮೂವತ್ತೊಂದು ವರ್ಷ ಬಸ್ಸು ಓಡಿಸಿದರು. ಒಂದು ದಿನವೂ ಟ್ರಿಪ್ಪನ್ನು ಅರ್ಧಕ್ಕೆ ಬಿಟ್ಟು ಬಂದವರಲ್ಲ. ಒಮ್ಮೆ ಜ್ವರ ಬಂದು ಮೈ ಕೆಂಡದ ಹಾಗೆ ಸುಡುತ್ತಿತ್ತು. ಆಗಲೂ ಕಡೇ ಸ್ಟಾಪಿನವರೆಗೆ ಹೋಗಿ, ಗಾಡಿ ಡಿಪೋಗೆ ಹಾಕಿ, ಆಮೇಲೆ ಆಸ್ಪತ್ರೆಗೆ ಹೋದರು. ಅಂಥವರ ಕೊನೇ ಓಟವನ್ನು ನಾನು ಅರ್ಧಕ್ಕೆ ನಿಲ್ಲಿಸಿಬಿಟ್ಟೆ ಅಂತ ಇಪ್ಪತ್ತಾರು ದಿನ ನನ್ನ ಗಂಟಲಲ್ಲಿ ಅನ್ನ ಇಳಿಯಲಿಲ್ಲ.

ಡಿಪೋದಲ್ಲಿ ಅವರಿಗೆ ಆಮೆ ಅಂತ ಹೆಸರು. ವಯಸ್ಸಾದವರು ಹತ್ತಿ ಕೂರುವವರೆಗೆ ಗಾಡಿ ಎತ್ತುತ್ತಿರಲಿಲ್ಲ. ಹಿಂದಿನವನು ಹಾರನ್ ಬಜಾಯಿಸಿದರೆ, "ಅವನಿಗೆ ಅರ್ಜೆಂಟಿದ್ದರೆ ಅವನೇ ಹೋಗಲಿ" ಅನ್ನುತ್ತಿದ್ದರು. ಮನೆಯಲ್ಲೂ ಹಾಗೇ. ಒಂದು ಲೋಟ ಟೀಗೆ ಅರ್ಧ ಗಂಟೆ.

ಆಮೇಲೆ ತಲೆಸುತ್ತು ಶುರುವಾಯಿತು. ಇನ್ನು ಸ್ಟೇರಿಂಗ್ ಮುಟ್ಟಬೇಡಿ ಅಂದರು ಡಾಕ್ಟರು. ಮನೆಯಲ್ಲಿ ಕೂತರು. ಬೆಳಿಗ್ಗೆ ಐದಕ್ಕೇ ಎದ್ದು ಡ್ಯೂಟಿ ಅಂಗಿಗೆ ಇಸ್ತ್ರಿ ಹಾಕಿ, ಮತ್ತೆ ಬೀರುವಿನಲ್ಲಿ ಮಡಿಸಿಡುತ್ತಿದ್ದರು. ನೋಡಲಾರದೆ ಮಗಳು ಟೀವಿಗೆ ಜೋಡಿಸುವ ವಿಡಿಯೋ ಗೇಮ್ ತಂದುಕೊಟ್ಟಳು. ಅದರಲ್ಲಿ ರಿಮೋಟ್ ಕಾರುಗಳ ರೇಸು. ಅಂಗೈಯಷ್ಟು ಕಾರುಗಳು, ತಲೆ ಮೇಲೆ ಕಡ್ಡಿಯಂಥ ಏರಿಯಲ್. ಮಂಚದ ಕೆಳಗೆ, ಅಡುಗೆ ಕಟ್ಟೆ ಮೇಲೆ, ಪಾತ್ರೆಗಳ ಸಂದಿಯಲ್ಲಿ ಓಡುತ್ತವೆ. ಒಂದು ಚಪ್ಪಲಿ ಅಡ್ಡ ಬಂದರೆ ಗುಡ್ಡ ಬಂದ ಹಾಗೆ. ಆರು ಕಾರು, ಮೂರು ಸುತ್ತು.

ನಮ್ಮವರು ಅದನ್ನೂ ಬಸ್ಸಿನ ಹಾಗೇ ಓಡಿಸಿದರು. ತಿರುವಿನಲ್ಲಿ ನಿಧಾನ. ಹಿಂದೆ ಬಂದವನಿಗೆ ದಾರಿ.

"ಅಪ್ಪಾ, ಇದು ರೇಸು! ಗುದ್ದಿಕೊಂಡು ಮುಂದೆ ಹೋಗು!"

"ಗುದ್ದಿದರೆ ರಿಪೋರ್ಟ್ ಬರೆಯೋರು ಯಾರು, ನಿಮ್ಮಮ್ಮನಾ?"

ದಿನಾ ಆರನೆಯವರೇ. ಆಟ ಹೆಸರು ಕೇಳಿತು. ಆಮೆ ಅಂತಲೇ ಹಾಕಿಸಿದರು.

ಆ ಮಧ್ಯಾಹ್ನ ಮೂರು ಸಲ ಊಟಕ್ಕೆ ಕರೆದೆ. "ಬಂದೆ, ಬಂದೆ" ಅಂದರು, ಬರಲಿಲ್ಲ. ಸಿಟ್ಟು ನೆತ್ತಿಗೇರಿತು. ಗಡಿಯಾರ ನೋಡಿದೆ, ಎರಡಕ್ಕೆ ಹತ್ತು ನಿಮಿಷ ಇತ್ತು. ಟೀವಿ ಕಡೆ ನೋಡಲೂ ಇಲ್ಲ, ಸೀದಾ ಹೋಗಿ ಗೋಡೆಯ ಸ್ವಿಚ್ ಆರಿಸಿದೆ. "ಸತ್ತಾಗಲೂ ಇದನ್ನೇ ಹಿಡ್ಕೊಂಡು ಹೋಗ್ತೀರಾ?" ಅಂದೆ. ಹಾಳು ಬಾಯಿ. ಅವರು ಕೈಯಲ್ಲಿದ್ದ ರಿಮೋಟನ್ನು ಎರಡು ಸಲ ತಟ್ಟಿ ಪಕ್ಕಕ್ಕಿಟ್ಟರು. ಸಿಟ್ಟಿಗೆ ತಟ್ಟಿದರು ಅಂದುಕೊಂಡೆ. ಉಂಡರು, ಮಲಗಿದರು. ನಾಲ್ಕಕ್ಕೆ ಟೀ ತಂದು ಎಬ್ಬಿಸಿದೆ. ಏಳಲಿಲ್ಲ.

ನಿದ್ದೆಯಲ್ಲೇ ಹೋದರು, ಪುಣ್ಯವಂತರು ಅಂದರು ಬಂದವರೆಲ್ಲ. ನನ್ನ ಕಣ್ಣ ಮುಂದೆ ಆ ಸ್ವಿಚ್ ಒಂದೇ. ಯಾರಿಗೂ ಹೇಳಲಿಲ್ಲ. ಟೀವಿಗೆ ಹಳೇ ಸೀರೆ ಹೊದಿಸಿಬಿಟ್ಟೆ.

ಮೊನ್ನೆ ಕಂಡಕ್ಟರ್ ಬಂದ. ಹದಿನೆಂಟು ವರ್ಷ ಇವರ ಗಾಡಿಯಲ್ಲೇ ಇದ್ದವನು. ಇವರು ಸೀಟಿನಲ್ಲಿ ಬೆನ್ನಿಗೆ ಕೊಟ್ಟುಕೊಳ್ಳುತ್ತಿದ್ದ ದಿಂಬು ಡಿಪೋದಲ್ಲೇ ಉಳಿದಿತ್ತು. ಅದನ್ನು ತಂದಿದ್ದ. ದಿಂಬು ನೋಡಿದ್ದೇ ತಡ, ಎಲ್ಲ ಬಾಯಿಬಿಟ್ಟೆ.

ಅವನು ಕೇಳಿಸಿಕೊಂಡ. "ಎಷ್ಟು ಸಲ ತಟ್ಟಿದ ಅತ್ತಿಗೆ?"

"ಎರಡು."

ಅವನು ನಕ್ಕೇಬಿಟ್ಟ. ನನಗೆ ಮೈ ಉರಿಯಿತು.

"ಗಾಡಿ ಡಿಪೋದಲ್ಲಿ ನಿಲ್ಲಿಸಿದ ಮೇಲೆ ಸ್ಟೇರಿಂಗ್‌ಗೆ ಎರಡು ಸಲ ತಟ್ಟೋನು, ಎಮ್ಮೆ ಬೆನ್ನು ತಟ್ಟಿದ ಹಾಗೆ. ಇವತ್ತಿಂದು ಮುಗೀತು ಅಂತ. ದಾರೀಲಿ ಕೆಟ್ಟು ನಿಂತರೆ ತಟ್ತಾ ಇರಲಿಲ್ಲ, ಬೈಯೋನು. ನಿಮ್ಮನ್ನ ಬೈದನಾ?"

"ಇಲ್ಲ."

"ಮತ್ತೆ?"

"ನನ್ನ ಸಮಾಧಾನಕ್ಕೆ ಹೇಳಬೇಡ."

"ಚಿಲ್ಲರೆ ಇಲ್ಲ ಅಂತ ಜನರ ಹತ್ತಿರ ಜಗಳ ಆಡಿದ ಬಾಯಿ ಇದು ಅತ್ತಿಗೆ. ಸಮಾಧಾನ ಹೇಳೋಕೆ ಎಲ್ಲಿ ಬರುತ್ತೆ?"

ಸಂಜೆ ಮಗಳು ಕೆಲಸದಿಂದ ಬಂದಳು. ಸೀರೆ ತೆಗೆದು ಟೀವಿಯಲ್ಲಿ ಅಪ್ಪನ ಆಟ ಹಾಕು ಅಂದೆ. ನನ್ನ ಮುಖ ನೋಡಿದಳು, ಹಾಕಿದಳು. ಓಡಿದ ಓಟಗಳ ಪಟ್ಟಿ ಬಂತು.

"ಅರ್ಧಕ್ಕೆ ಆರಿಸಿದ್ದೂ ಇದರಲ್ಲಿ ಇರುತ್ತಾ?"

"ಇಲ್ಲಮ್ಮ. ಮೂರು ಸುತ್ತು ಮುಗಿದರೆ ಮಾತ್ರ."

ಕಡೇ ಸಾಲಿನ ಮೇಲೆ ಬೆರಳಿಟ್ಟಳು. ಅವಳ ಧ್ವನಿ ಸಣ್ಣದಾಯಿತು. "ಆಮೆ. ಅದೇ ದಿನ. ಮಧ್ಯಾಹ್ನ ಒಂದು ನಲವತ್ತೊಂಬತ್ತಕ್ಕೆ ಮೂರೂ ಸುತ್ತು ಮುಗಿಸಿದ್ದಾರೆ."

ಸ್ವಿಚ್ಚಿಗೆ ಒಂದು ನಿಮಿಷ ಮುಂಚೆ. ಆಗಲೇ ಗಾಡಿ ಒಳಗೆ ಹಾಕಿಯಾಗಿತ್ತು, ಅದಕ್ಕೇ ತಟ್ಟಿ ಊಟಕ್ಕೆ ಎದ್ದರು. ನಾನು ಆರಿಸಿದ್ದು ನಿಂತ ಗಾಡಿಯನ್ನು.

"ಎಷ್ಟನೆಯವರು?" ಅಂದೆ.

"ಎಷ್ಟನೆಯವರು ಅಂತ ಕೇಳಬೇಕಾ ಅಮ್ಮ? ಆರನೆಯವರು."

ನಗು ಬಂತು. ಇಪ್ಪತ್ತಾರು ದಿನದ ಮೇಲೆ. ಇಬ್ಬರೂ ನಕ್ಕೆವು, ಆಮೇಲೆ ಅತ್ತೆವು. ಎದೆ ಮೇಲಿನ ಚಪ್ಪಡಿ ಎತ್ತಿದ ಹಾಗಾಯಿತು. ಹಸಿವಾಯಿತು.

ತಟ್ಟೆ ಹಾಕಿದೆ. ಟೀವಿ ಆರಿಸಲು ಮಗಳು ಗೋಡೆ ಕಡೆ ಹೋದಳು.

"ಇರು, ನಾನೇ ಆರಿಸ್ತೀನಿ" ಅಂದೆ.

ಸ್ವಿಚ್ ಆರಿಸಿ ಊಟಕ್ಕೆ ಕೂತೆ.