ಚಿತ್ರದ ಕೆಳಗಿನ ಸಾಲುಗಳು

ಪರಭಾಷೆಯ ಸಿನಿಮಾ ನೋಡುವವನ ಪಾಡು ವಿಚಿತ್ರ. ಮೇಲೆ ನಾಯಕಿ ಅಳುತ್ತಿರುವಾಗ ಅವನ ದೃಷ್ಟಿ ಪರದೆಯ ತಳದ ಇಂಗ್ಲಿಷ್ ಸಾಲುಗಳಲ್ಲಿ ತಡಕಾಡುತ್ತಿರುತ್ತದೆ. ಓದಿ ತಲೆಯೆತ್ತುವಷ್ಟರಲ್ಲಿ ಆಕೆ ಕಣ್ಣೊರೆಸಿಕೊಂಡಾಗಿರುತ್ತದೆ. ಮೂವತ್ತು ವರ್ಷ ಶಹಾಪುರದ ಮಕ್ಕಳಿಗೆ ಇಂಗ್ಲಿಷ್ ಕಲಿಸಿದ ನನ್ನ ಗತಿಯೇ ಇದು. ನನ್ನಿಂದ ಕಲಿತವರ ಗತಿಯನ್ನು ನೀವೇ ಊಹಿಸಿಕೊಳ್ಳಿ.

ಆದರೆ ನಾನು ಓದುವುದು ನನಗೊಬ್ಬನಿಗಲ್ಲ. ಜೊತೆಗಿರುವ ನನ್ನ ಅಕ್ಕ ನಾಗಮ್ಮನ ದೃಷ್ಟಿ ಎರಡು ವರ್ಷದ ಹಿಂದೆ ಪೂರ್ತಿ ಹೋಯಿತು. ಅಂದಿನಿಂದ ಭಾನುವಾರ ಮಧ್ಯಾಹ್ನ, ಊಟವಾದ ಮೇಲೆ, ನಾನು ಫೋನಿನಲ್ಲಿ ಸಿನಿಮಾ ಹಚ್ಚಿ, ಕಂಡದ್ದನ್ನೂ ಓದಿದ್ದನ್ನೂ ಕನ್ನಡದಲ್ಲಿ ಹೇಳುತ್ತೇನೆ; ಅವಳು ಶೇಂಗಾ ಸುಲಿಯುತ್ತ ಕೇಳುತ್ತಾಳೆ. ಅವಳ ಪ್ರಪಂಚಕ್ಕೆ ನಾನೇ ದ್ವಾರಪಾಲಕನೆಂಬ ಸಣ್ಣ ಗರ್ವವೂ ನನಗುಂಟು.

ಮೊನ್ನೆ ನೋಡಿದ್ದು ಎಸ್ಟೋನಿಯಾ ಎಂಬ ಹಿಮದ ನಾಡಿನ ಪ್ರಣಯಹಾಸ್ಯ. ಅಲ್ಲಿಯವರು ತಲೆಮಾರುಗಳಿಂದ ಓದುತ್ತ ಬಂದ ಕಾದಂಬರಿ ಮಾಲಿಕೆಯೊಂದರ ಮುಂದುವರಿಕೆಯಂತೆ; ಮೊದಲ ಪುಸ್ತಕದಲ್ಲಿ ಶಾಲೆಗೆ ಹೋಗುತ್ತಿದ್ದವರಿಗೆ ಇಲ್ಲಿ ಕೂದಲು ನರೆತಿದೆ. ಗಂಡ ತೀರಿಕೊಂಡ ಹೆಣ್ಣೊಬ್ಬಳನ್ನು ಮದುವೆಗೆ ಕೇಳಲು ಹಳೆಯ ಗೆಳೆಯ ಕೋಟು ತೊಟ್ಟು ಹೊರಡುತ್ತಾನೆ, ಪ್ರತಿ ಸಲವೂ ಕೆಸರಿನಲ್ಲಿ ಜಾರುತ್ತಾನೆ. ಅಕ್ಕ ಬಿದ್ದು ಬಿದ್ದು ನಕ್ಕಳು. ನನಗೆ ಮಾತ್ರ ನಗು ಬರಲಿಲ್ಲ.

ಕಾರಣ ಹೇಳಲೇಬೇಕು. ಇಪ್ಪತ್ತನಾಲ್ಕಕ್ಕೇ ಗಂಡನನ್ನು ಕಳೆದುಕೊಂಡು ಅಕ್ಕ ನಮ್ಮ ಮನೆಗೆ ಮರಳಿದ ಮರುವರ್ಷ, ಪಕ್ಕದೂರು ಸಗರದಿಂದ ಇಬ್ಬರು ಹಿರಿಯರು ಉಡಿಕಿಯ ಮಾತಾಡಲು ಬಂದಿದ್ದರು. ಗಂಡ ಸತ್ತವಳಿಗೆ ಹೊಸ ಸೀರೆ ಉಡಿಸಿ ಮತ್ತೊಬ್ಬ ಮನೆ ತುಂಬಿಸಿಕೊಳ್ಳುವುದು ಕುರಿ ಸಾಕುವ ನಮ್ಮ ಮಂದಿಯಲ್ಲಿ ತಲೆತಲಾಂತರದ ಪದ್ಧತಿ. ಆದರೆ ಮನೆತನದಲ್ಲೇ ಮೊದಲು ನೌಕರಿ ಹಿಡಿದ ನನಗೆ, ಮಾಸ್ತರನ ಮನೆಗೆ ಅದು ಶೋಭೆಯಲ್ಲವೆಂಬ ಹೊಸ ಜಂಬ. ಅಪ್ಪ ಇರಲಿಲ್ಲವಾಗಿ ಯಜಮಾನಿಕೆಯೂ ನನ್ನದೇ. ಅಂಗಳದಲ್ಲೇ ಚಹಾ ಕುಡಿಸಿ ಅವರನ್ನು ಕಳಿಸಿಬಿಟ್ಟೆ. ಹೊಲದಿಂದ ಬಂದ ಅಕ್ಕನಿಗೆ, ಟಗರು ಕೇಳಲು ಬಂದಿದ್ದರೆಂದೆ. ಅವಳ ಇಷ್ಟವನ್ನು ಒಂದು ಮಾತೂ ಕೇಳಲಿಲ್ಲ.

ಚಿತ್ರದ ಕೊನೆಗೆ ಆ ಹೆಣ್ಣು ಬಾಗಿಲು ತೆರೆದು ಒಪ್ಪಿಗೆ ಕೊಟ್ಟಳು. ಅದನ್ನು ಅಕ್ಕನೆದುರು ಹೇಳಲು ನನ್ನ ನಾಲಗೆ ಹೊರಳಲಿಲ್ಲ.

"ಒಲ್ಲೆ ಅಂದ್ಳಕ್ಕ. ಅಂವ ಮನಿಗೆ ಹೋದ," ಎಂದುಬಿಟ್ಟೆ.

ಫೋನಿನಲ್ಲಿ ಪಿಟೀಲು, ಚಪ್ಪಾಳೆ, ಜನರ ನಗು. ಅಕ್ಕನ ಕೈ ಶೇಂಗಾದ ಮೇಲೆ ನಿಂತಿತು.

"ಒಲ್ಲೆ ಅಂದಿದ್ರ ಇಷ್ಟು ಮಂದಿ ಯಾಕ ನಗಾಕತ್ತಾರೊ ತಮ್ಮಾ?"

ನಾನು ಫೋನಿನ ಸದ್ದು ಕಡಿಮೆ ಮಾಡಿದೆ.

"ಸಗರದವರೂ ಟಗರು ಕೇಳಾಕ ಬಂದಿದ್ರು ಅಂದಿದ್ದಿ. ಅವತ್ತು ದಾರ್ಯಾಗ ನನಗ ಎದುರಾಗಿದ್ರು. ಟಗರು ಕೇಳಾಕ ಬಂದವರ ಚೀಲದಾಗ ಹಸರು ಸೀರಿ ಯಾಕಿತ್ತು?"

ನಲವತ್ತು ವರ್ಷ ಇದನ್ನು ನುಂಗಿಕೊಂಡೇ ಅವಳು ನನಗೆ ರೊಟ್ಟಿ ಬಡಿದು ಹಾಕಿದ್ದಳು. ತಪ್ಪಾಯಿತೆಂದೆ. ಅಂದು ಕೇಳಿದ್ದರೆ ನೀನು ಏನು ಹೇಳುತ್ತಿದ್ದೆ ಎಂದೂ ಕೇಳಿದೆ.

"ಈಗ ಕೇಳಾಕತ್ತೀಯೇನು?" ಎಂದಳು. "ನಂದು ಬಿಡು. ಆಕಿ ಖರೇ ಏನಂದ್ಳು, ಅದನ್ನ ಹೇಳು."

ಚಿತ್ರವನ್ನು ಹಿಂದಕ್ಕೆ ಸರಿಸಿ, ಕೆಳಗಿನ ಸಾಲನ್ನು ಇದ್ದಂತೆ ಹೇಳಿದೆ: "ಬರ್ತೀನಿ. ಇಷ್ಟು ದಿನ ಯಾಕ ಕೇಳಲಿಲ್ಲ?"

ಓದಿ ತಲೆಯೆತ್ತುವಷ್ಟರಲ್ಲಿ ಅಕ್ಕ ಕಣ್ಣೊರೆಸಿಕೊಂಡಾಗಿತ್ತು.