ವೆಂಕಟಮ್ಮಕ್ಕ ಇಳಿಯಲಿಲ್ಲ

ಸ್ನೇಹಿತರೇ, ವೆಂಕಟಮ್ಮಕ್ಕ ಇವತ್ತು ಸಂಜೆ ಬಂಗಾರಪೇಟೆಯಲ್ಲಿ ಇಳಿಯಲಿಲ್ಲ. ತಪ್ಪು ನನ್ನದು.

ಬೆಂಗಳೂರಿನಲ್ಲಿ ಮನೆಗೆಲಸ ಮುಗಿಸಿ ಮಾರಿಕುಪ್ಪಂ ರೈಲು ಹತ್ತುವ ಹೆಂಗಸರು ಕೂತಲ್ಲೇ ನಿದ್ದೆಹೋಗುತ್ತಾರೆ. ಊರು ಬಂದಾಗ ಎಚ್ಚರವಿದ್ದವರು ಉಳಿದವರ ಭುಜ ಅಲ್ಲಾಡಿಸುವುದು ರೂಢಿ. ಸಾಫ್ಟ್‌ವೇರಿನವನಾದ ನಾನು ಸುಮ್ಮನಿರಬೇಕಲ್ಲ. ಮಲಗಿದವರ ಸ್ಟೇಷನ್ನು ತಾನೇ ಅರಿತು ಎಬ್ಬಿಸುವ ಆ್ಯಪ್ ಮಾಡಿ, ಅವರಲ್ಲೊಬ್ಬರಾದ ವೆಂಕಟಮ್ಮಕ್ಕನ ಫೋನಿಗೆ ಹಾಕಿದೆ. ಅದಕ್ಕೂ ಮೊದಲು ಲ್ಯಾಪ್‌ಟಾಪಿನಲ್ಲಿ ನಕಲಿ ರೈಲು ಓಡಿಸಿ, ನಕಲಿ ವೆಂಕಟಮ್ಮಕ್ಕನನ್ನು ಕೂರಿಸಿ ಪರೀಕ್ಷಿಸಿದ್ದೆ. ಆ ಅಕ್ಕ ಪ್ರತಿ ಸಲವೂ ಸರಿಯಾಗಿ ಇಳಿದು ಮನೆಗೆ ಹೋಗುತ್ತಿದ್ದರು. ಇವತ್ತೂ ರೈಲಿನಲ್ಲಿ ಆ ನಕಲಿ ರೈಲನ್ನೇ ಓಡಿಸುತ್ತಾ ಕೂತಿದ್ದೆ.

ಬಂಗಾರಪೇಟೆಯಲ್ಲಿ ಒಬ್ಬಾಕೆ ಅಕ್ಕನನ್ನು ಎಬ್ಬಿಸಲು ಕೈ ಚಾಚಿದಳು. ಜೊತೆಯವಳು ತಡೆದಳು. "ಬಿಡಕ್ಕ, ಅವ್ಳನ್ನ ಪೋನೇ ಎಬ್ಬಿಸ್ತೈತೆ."

ಆ ಊರಿನ ಉಳಿದವರೆಲ್ಲ ಇಳಿದರು. ಫೋನು ಮಾತ್ರ ಸದ್ದು ಮಾಡಲಿಲ್ಲ. ಮಲಗಿದವರಿಗೆ ತೊಂದರೆಯಾಗದಂತೆ ಫೋನಿನ ಎಲ್ಲ ಸದ್ದನ್ನೂ ನಿಲ್ಲಿಸು ಎಂದು ನಾನೇ ಅದಕ್ಕೆ ಕಲಿಸಿದ್ದೆ. ಅದು ತನ್ನ ಸದ್ದನ್ನೂ ನಿಲ್ಲಿಸಿಕೊಂಡಿತ್ತು.

ಅಲ್ಲಿಂದ ಮುಂದಿರುವ ನನ್ನೂರು ಉರಿಗಾಂನಲ್ಲಿ ಇಳಿಯಲು ಎದ್ದಾಗ ನೋಡಿದರೆ ಅಕ್ಕ ಇನ್ನೂ ಗೊರಕೆ ಹೊಡೆಯುತ್ತಿದ್ದರು. ಎಬ್ಬಿಸಿದೆ. ಬಂಗಾರಪೇಟೆಯ ಮನೆಯಲ್ಲಿ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದು ಕೂತಿದ್ದರಂತೆ. ನಾನು ಆ್ಯಪಿನ ತಪ್ಪನ್ನು ವಿವರಿಸಹೊರಟೆ.

"ಪೋನಿಂದು ಬಿಡಪ್ಪ. ನೀನು ಎದುರ್ಗೇ ಕುಂತಿದ್ದಲ್ಲ, ಒಂದ್ಸಲ ಕೂಗಕ್ಕೇನಾಗಿತ್ತು?"

ಎದುರಿಗೇ ಕೂತಿದ್ದೆ, ನಿಜ. ಆದರೆ ನಾನು ನೋಡುತ್ತಿದ್ದದ್ದು ಪರದೆಯ ಮೇಲಿನ ವೆಂಕಟಮ್ಮಕ್ಕನನ್ನು. ಅವರು ಆಗಲೇ ಮನೆ ಸೇರಿದ್ದರು.